ಕೆಟ್ಟ ಕಾಲಕ್ಕೆ ಕೊಟ್ಟ ಹೆಸರು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅರ್ಜುನಪ್ಪ ಕುಲಾವಿ ಹೊಲಿಸಲಿಲ್ಲ, ಅದಕ್ಕಿಂತ ದೊಡ್ಡ ಎಡವಟ್ಟು ಮಾಡಿದ. ಇನ್ನೂ ಹುಟ್ಟದ ಕೂಸಿನ ಬಾಳನ್ನೇ ನಾಲ್ಕು ಜನರ ಮುಂದೆ, ಅದೂ ಮುಸ್ಸಂಜೆ ಹೊತ್ತಿನಲ್ಲಿ, ಬಾಯಿಬಿಟ್ಟು ಹೇಳಿಬಂದ.

ಅವನ ಕೆಲಸವೇ ಅಂಥದ್ದು ಅನ್ನಿ. ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದೇ ಊರಾಗಿ ಮೂರು ವರ್ಷ ಆಗಿತ್ತು. ಎರಡರ ನಡುವಿನ ಹೊಲಗಳಲ್ಲಿ ಹೊಸ ಬಡಾವಣೆಗೆ ಗೂಟ ಹೊಡೆಯುವ ಮಾತು ನಡೆದಿತ್ತು. ಧಾರವಾಡದ ಒಂದು ಸಂಶೋಧನಾ ಕಚೇರಿಯಲ್ಲಿ ಪ್ರೊಫೆಸರ್ ಗುರುಶಿದ್ದಪ್ಪನವರು ಹೊರದೇಶದಿಂದ ಒಂದು ವಿದ್ಯೆ ಕಲಿತು ಬಂದಿದ್ದರು. ಪಂಚಾಂಗ ತೆಗೆದು ಭವಿಷ್ಯ ನುಡಿಯುವ ವಿದ್ಯೆಯಲ್ಲ. ಒಂದೊಂದು ಕಸಬಿನಲ್ಲಿ ಪಳಗಿದವರನ್ನು ಕೂಡಿಸಿ, ಇಪ್ಪತ್ತೈದು ವರ್ಷದ ಮುಂದೆ ಈ ಊರು ಹೇಗಿದ್ದೀತು ಅಂತ ಅವರ ಬಾಯಿಂದಲೇ ಹೇಳಿಸುವುದು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಕೇಳಿಸುವುದು. ಒಂದು ವರ್ಷ ಬಿಟ್ಟು ಮತ್ತೆ ಕೂಡಿಸಿ, ಮನಸ್ಸೇನಾದರೂ ಬದಲಾಗಿದೆಯೇ ಅಂತ ಕೇಳುವುದು. ಹೀಗೆ ಒಳ್ಳೆಯ ಕಾಲ, ನಡುವಿನ ಕಾಲ, ಕೆಟ್ಟ ಕಾಲ ಅಂತ ಮೂರು ಕಾಲಗಳನ್ನು ಕಟ್ಟಿ ಊರಿನ ದೊಡ್ಡವರ ಮುಂದಿಡುವುದು. ಒಂದೊಂದು ಕಾಲದಲ್ಲೂ ಹೆಸರುಳ್ಳ ಒಬ್ಬ ಮನುಷ್ಯ ಇರಲೇಬೇಕು, ಅವನ ಒಂದು ದಿನವನ್ನು ಕಣ್ಣಾರೆ ಕಂಡಂತೆ ಹೇಳಬೇಕು.

"ಹೆಸರಿಲ್ಲದ ಮನಶ್ಯಾನ ಕಷ್ಟ ಯಾರ ಎದಿಗೂ ನಾಟಂಗಿಲ್ಲ" ಅಂತ ಪ್ರೊಫೆಸರು ಹೇಳುತ್ತಿದ್ದರು.

ಅರ್ಜುನಪ್ಪ ಅವರ ಕೈಕೆಳಗಿನ ಸಹಾಯಕ. ತನ್ನ ಓಣಿಯಲ್ಲಿ ಎಂ.ಎ. ಪಾಸಾದ ಮೊದಲನೆಯವನು. ಅವನ ಮನೆಯವರು ಏಳೆಂಟು ವರ್ಷದ ಹಿಂದೆ ಬೌದ್ಧರಾದಾಗ ಜಗಲಿಯ ಮೇಲಿನ ದೇವರುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಹಳ್ಳಕ್ಕೆ ಬಿಟ್ಟುಬಂದವನೂ ಅವನೇ. ಬುದ್ಧನ ಪಟದ ಕೆಳಗೆ ಕೂತು, ನನಗೆ ಕಣ್ಣಿಗೆ ಕಾಣದ್ದರ ಅಂಜಿಕೆ ಇಲ್ಲ ಅನ್ನುತ್ತಿದ್ದ. ಪಾಪ, ಖರೇ ಅಂತಲೇ ತಿಳಿದಿದ್ದ.

ಕರೆಸಿದ ಮೂವರೂ ಕೆಲಸದವರು, ಸಂಜೆಯ ಹೊರತು ಬಿಡುವಿಲ್ಲ. ಹತ್ತಿ ವ್ಯಾಪಾರದ ಮಡಿವಾಳಪ್ಪ ಸಾವಕಾರರು, ಹುಬ್ಬಳ್ಳಿಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ಡಾಕ್ಟರ್ ಮಹಾಂತಯ್ಯನವರು, ರೈಲ್ವೆ ಕಾರ್ಖಾನೆಯ ಮೇಸ್ತ್ರಿ ಕಮರುದ್ದೀನ. ಕಮರುದ್ದೀನ ಅರ್ಜುನಪ್ಪನ ಜೀವದ ಗೆಳೆಯ, ಸಾಲಿಯಲ್ಲಿ ಒಂದೇ ಪಾಟಿಯ ಮೇಲೆ ಇಬ್ಬರೂ ಅಕ್ಷರ ತಿದ್ದಿದವರು. ಉಗಿ ಎಂಜಿನ್ನು ಹೋಗಿ ಡೀಸೆಲ್ ಬಂದರೆ ಊರಿನಲ್ಲಿ ಏನೇನು ಅಡಿಮೇಲಾದೀತು ಅಂತ ಹೇಳಲು ಅವನನ್ನು ಕರೆಸಿದ್ದರು.

ಮಾಳಿಗೆಯ ಕೋಣೆಯಲ್ಲಿ ಚುರಮುರಿ, ಮಿರ್ಚಿ, ಚಹಾ. ಒಳ್ಳೆಯ ಕಾಲದ ಮಾತು ಬಂತು ನೋಡಿ, ಹೆಸರುಗಳಿಗೇನೂ ಬರ ಬರಲಿಲ್ಲ. ಸಾವಕಾರರು ತಮ್ಮ ಮೊಮ್ಮಗನನ್ನು ಗಿರಣಿ ಮಾಲಕನನ್ನಾಗಿ ಮಾಡಿದರು. ಡಾಕ್ಟರು ಅಳಿಯನಿಗೆ ದೊಡ್ಡ ಆಸ್ಪತ್ರೆ ಕಟ್ಟಿಸಿದರು. ಕಮರುದ್ದೀನ ಆಗಷ್ಟೇ ಅಂಬೆಗಾಲು ಬಿಟ್ಟು ಎದ್ದು ನಿಂತಿದ್ದ ತನ್ನ ಮಗ ಗೌಸನನ್ನು ಡೀಸೆಲ್ ಎಂಜಿನ್ನಿನ ಮೇಲೆ ಕೂಡಿಸಿ ಪುಣೆಯ ತನಕ ಓಡಿಸಿದ. ನಗೆಯೋ ನಗೆ.

ಕೆಟ್ಟ ಕಾಲ ಬಂತು. ಯಾರ ಬಾಯಿಂದಲೂ ಹೆಸರು ಹೊರಡಲಿಲ್ಲ. ನೀರಿನ ತ್ರಾಸು ಆದೀತು, ಕೆರೆ ಕೆಟ್ಟೀತು ಅಂದರು. ಮಕ್ಕಳ ಕಾಲು ಸೇದಿಕೊಂಡು ಹೋಗುವ ಪೋಲಿಯೋ ಜ್ವರಕ್ಕೆ ಔಷಧ ಹುಟ್ಟಿದೆ, ಆದರೆ ಅದು ಬಡವರ ಓಣಿಗೆ ಮುಟ್ಟಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದರು. ಯಾರಿಗೆ ಮುಟ್ಟಲಿಕ್ಕಿಲ್ಲ, ಒಂದು ಹೆಸರು ಹೇಳ್ರಿ ಅಂದರೆ ಎಲ್ಲರೂ ಚಹಾದ ಕಪ್ಪಿನೊಳಗೆ ಮುಖ ಹಾಕಿದರು.

"ಮುಸ್ಸಂಜಿ ಆಗೇತ್ರಿ ಸರ" ಅಂದರು ಸಾವಕಾರರು. "ಈ ಹೊತ್ತಿನಾಗ ಅಸ್ತು ದೇವತಿಗೋಳು ತಿರಗತಿರತಾವ. ನಾವೇನಂತೀವಿ ಅದಕ್ಕ ಅಸ್ತು ಅಂತಾವ. ನಾಳಿ ಹಗಲ ಹೊತ್ತಿನಾಗ ಕೇಳ್ರಿ."

"ತೋಬಾ, ತೋಬಾ" ಅಂತ ಕಮರುದ್ದೀನನೂ ಕೆನ್ನೆ ಬಡಿದುಕೊಂಡ. "ನಮ್ಮನ್ಯಾಗೂ ಸಂಜಿ ಮಗರಿಬ್ ನಮಾಜಿನ ಹೊತ್ತಿಗೆ ಕೂಸುಗೋಳ್ನ ಹೊರಗ ಬಿಡಂಗಿಲ್ಲ. ಗೌಸೂನ ಹೆಸರಂತೂ ಬ್ಯಾಡ ನೋಡ್ರಿ."

ಪ್ರೊಫೆಸರ ಮುಖ ಸಪ್ಪಗಾಯಿತು. ಅರ್ಜುನಪ್ಪನಿಗೆ ರೇಗಿಹೋಯಿತು. ಕಲಿತವರಂತೆ, ಅನುಭವಸ್ಥರಂತೆ! ಕಾಣದ ದೇವತೆಗೆ ಅಂಜಿ ಕಾಣುವ ಕೇಡನ್ನು ನುಂಗಿಕೊಂಡು ಕೂತರೆ ಈ ಕೆಲಸವಾದರೂ ಯಾತಕ್ಕೆ? ಲೇಖಣಿ ಕೆಳಗಿಟ್ಟ.

"ನಾ ಹೇಳತೇನ್ರಿ. ಆಕಿ ಹೆಸರ ಸುಜಾತಾ. ಉಣಕಲ್ಲಿನಾಗ ಇರತಾಳ. ಕೆರಿ ನೀರು ಹಸರಾಗಿ ನಾತ ಬಿಟ್ಟೈತಿ. ನಳಕ್ಕ ವಾರಗಟ್ಟಲೆ ನೀರಿಲ್ಲ. ಸಂಜಿ ಮುಂದ ನೀರಿನ ಲಾರಿ ಬರತೈತಿ, ಮಂದಿ ಕೊಡಾ ಹಿಡಕೊಂಡು ಓಡತಾರ. ಆಕಿಗೆ ಓಡಾಕ ಬರಂಗಿಲ್ಲ. ಒಂದ ಕಾಲ ಊರತಾಳ, ಒಂದ ಕಾಲ ಎಳೀತಾಳ. ಸಣ್ಣಾಕಿದ್ದಾಗ ಜ್ವರ ಬಂದಿತ್ತು. ಔಷಧ ಇತ್ತು, ಆಕಿ ತನಕಾ ಬರಲಿಲ್ಲ. ಆಕಿ ಹೋಗಿ ಮುಟ್ಟೂದ್ರಾಗ ಲಾರಿ ಖಾಲಿ."

ಪ್ರೊಫೆಸರು ಮೆಲ್ಲಗೆ ಕೇಳಿದರು: "ಯಾರಪಾ ಈ ಹುಡುಗಿ?"

"ನನ್ನ ಮಗಳ್ರಿ. ಇನ್ನೂ ಹುಟ್ಟಿಲ್ಲ."

ಗೋಡೆಯ ಮೇಲೆ ಹಲ್ಲಿ ಹೌದೆಂಬಂತೆ ಲೊಚಗುಟ್ಟಿತು. ಸಾವಕಾರರು ಗಾಬರಿಯಾಗಿ ಮೇಜಿನ ಮೇಲೆ ಬೆರಳಿನಿಂದ ಕುಟ್ಟಿದರು. ಅರ್ಜುನಪ್ಪ ನಕ್ಕ, ಆದರೆ ಆ ನಗೆ ಅವನಿಗೇ ಸರಿ ಅನಿಸಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಜಾತಾ ಅನ್ನುವ ಹೆಸರು ಅವನದಲ್ಲ, ಹೆಂಡತಿ ಸಾವಕ್ಕನದು. ಹೊಟ್ಟೆಯ ಕೂಸು ಮೊದಲ ಸಲ ಒದ್ದ ದಿನ, ಹೆಣ್ಣಾದರೆ ಈ ಹೆಸರು ಅಂತ ಅವಳು ಅವನೊಬ್ಬನ ಕಿವಿಯಲ್ಲಿ ಹೇಳಿದ್ದಳು. ಅದನ್ನು ಅವನು ಬಾಯಿಗೆ ಬಂದಂತೆ ಬಳಸಿಬಿಟ್ಟಿದ್ದ.

ಅಂದು ರಾತ್ರಿಯೇ ಶುರುವಾಯಿತು. ಉಣಕಲ್ಲಿನಲ್ಲಿ ಬಸ್ಸಿಳಿದು ಕೆರೆಯ ಬದಿಯ ದಾರಿ ಹಿಡಿದು ಬಾಡಿಗೆ ಮನೆಗೆ ಹೊರಟಿದ್ದ. ಹಿಂದೆ ಯಾರೋ ಬರುತ್ತಿದ್ದ ಸಪ್ಪಳ. ಟಪ್ ಅಂತ ಒಂದು ಹೆಜ್ಜೆ ಬೀಳುವುದು, ಸರ್ರ್ ಅಂತ ಇನ್ನೊಂದು ಎಳೆಯುವುದು. ಟಪ್, ಸರ್ರ್. ತಿರುಗಿ ನೋಡಿದ. ದಾರಿ ಬರಿದಾಗಿತ್ತು. ಅವನು ನಿಂತರೆ ಅದೂ ನಿಲ್ಲುತ್ತಿತ್ತು, ನಡೆದರೆ ಅದೂ ನಡೆಯುತ್ತಿತ್ತು. ಮನೆಯ ಹೊಸ್ತಿಲು ದಾಟಿದ ಮೇಲೆ ಸುಮ್ಮನಾಯಿತು.

ಆಮೇಲೆ ಅದು ಅವನ ಬೆನ್ನು ಬಿಡಲಿಲ್ಲ. ದೀಪ ಹಚ್ಚುವ ಹೊತ್ತಾದರೆ ಸಾಕು, ಎಲ್ಲಿದ್ದರೂ ಕೇಳುತ್ತಿತ್ತು. ಒಮ್ಮೆ ಬಸ್ಸಿನ ಕಿಟಕಿಯಿಂದ ಕೆರೆಯ ಏರಿಯ ಮೇಲೆ ಒಬ್ಬಳು ಕಂಡಳು. ಟೊಂಕದಲ್ಲಿ ಖಾಲಿ ಕೊಡ, ಒಂದು ಕಾಲು ಹಿಂದೆ. ಮುಖ ಆ ಕಡೆಗಿತ್ತು. ಸತ್ತವರು ದೆವ್ವವಾಗಿ ಕಾಡುವುದನ್ನು ಎಲ್ಲರೂ ಕೇಳಿದ್ದಾರೆ. ಇನ್ನೂ ಹುಟ್ಟದವಳು ಬಂದು ಕಾಡಿದರೆ ಯಾವ ದೇವರಿಷಿಯ ಹತ್ತಿರ ಹೋಗಬೇಕು, ಹೇಳಿ? ಅವನಿಗೆ ಅಂಜಿಕೆಯಾಯಿತು. ಅಂಜಿದೆನಲ್ಲ ಅಂತ ನಾಚಿಕೆಯೂ ಆಯಿತು.

ಮುಂದಿನ ರವಿವಾರ ಕಮರುದ್ದೀನ ದರ್ಗಾದಿಂದ ಒಂದು ಕರಿದಾರ ಮಂತ್ರಿಸಿಕೊಂಡು ಬಂದ. ಅರ್ಜುನಪ್ಪನ ತಾಯಿ ಮುತ್ತವ್ವನ ಕೈಯಲ್ಲಿಟ್ಟು ಹೇಳಿಯೂಬಿಟ್ಟ: "ಯವ್ವಾ, ಇದನ್ನ ಸೊಸಿಗೆ ಕಟ್ಟು. ನಿನ್ನ ಮಗಾ ಸಂಜಿ ಹೊತ್ತಿನಾಗ ಆಡಬಾರದ ಮಾತ ಆಡ್ಯಾನ."

ಮುತ್ತವ್ವ ಎದೆ ಬಡಿದುಕೊಂಡಳು. "ಅಯ್ಯ ನನ ಶಿವನ! ಏನ ಬುದ್ಧಿಯೋ ನಿಂದು! ದೇವರ್ನ ಹಳ್ಳಕ್ಕ ಬಿಟ್ಟ ಬಂದಿ, ಸುಮ್ಮನಿದ್ದೆ. ಅಸ್ತು ದೇವತಿಗೆ ಜಗಲಿನೂ ಇಲ್ಲ, ಗುಡಿನೂ ಇಲ್ಲ. ಅದನ್ನೆಲ್ಲಿಂದ ತಗದ ಬಿಡ್ತಿ?"

ಸಾವಕ್ಕ ಅಳಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಗಂಡನನ್ನು ನೋಡಿದಳು. "ಹೆಸರ ನಾ ಇಟ್ಟಿದ್ದೆ. ನೀವು ಅದನ್ನ ಒಯ್ದು ಕೆಟ್ಟ ಕಾಲಕ್ಕ ಕೊಟ್ಟ ಬಂದ್ರಿ." ಅಷ್ಟೇ ಅಂದಳು. ಅವನಿಗೆ ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು.

ಚಳಿಗಾಲದಲ್ಲಿ ಹೆಣ್ಣುಕೂಸು ಹುಟ್ಟಿತು. ಎಲ್ಲರೂ ಮುಖ ನೋಡಿದರು, ಅರ್ಜುನಪ್ಪ ಕಾಲು ನೋಡಿದ. ಎರಡೂ ನೆಟ್ಟಗಿದ್ದವು. ಮುತ್ತವ್ವ ಕೂಸನ್ನು ಎತ್ತಿಕೊಂಡು ಹೋಗಿ ಹಿತ್ತಿಲ ತಿಪ್ಪೆಯ ಮೇಲೆ ಹೊರಳಿಸಿ ತಂದು, ತಿಪ್ಪವ್ವ ಅಂತ ಹೆಸರಿಟ್ಟಳು. ತಿಪ್ಪೆಗೆ ಎಸೆದದ್ದು ಯಾರಿಗೂ ಬೇಡ, ಕೇಡಿಗೂ ಬೇಡ. ಬೇರೆ ದಿನವಾಗಿದ್ದರೆ ಅರ್ಜುನಪ್ಪ ಹಾರಾಡುತ್ತಿದ್ದ. ಅಂದು ಬಾಯಿ ಮುಚ್ಚಿಕೊಂಡು, ತಿಪ್ಪವ್ವಾ ಅಂತ ತಾನೂ ಕರೆದ. ಹೊರಗೆ ಓಣಿಯಲ್ಲಿ ಮಾತ್ರ ಅದು ನಡೆದೇ ಇತ್ತು. ಟಪ್, ಸರ್ರ್.

ಬೇಸಿಗೆಯಲ್ಲಿ ಅವನು ಡಾಕ್ಟರ ದವಾಖಾನೆಗೆ ಹೋಗಿ ಕೂತ. ಮುಂದಾಗುವುದನ್ನು ಮೊದಲೇ ಹೇಳುವುದು ಅದನ್ನು ತಪ್ಪಿಸಲಿಕ್ಕೆ ತಾನೆ? ಪ್ರೊಫೆಸರು ಹೇಳಿಕೊಟ್ಟದ್ದೂ ಅದನ್ನೇ.

"ಆ ಔಷಧ ತರಸ್ರಿ ಡಾಕ್ಟರ. ಏನಾರ ಮಾಡ್ರಿ, ತರಸ್ರಿ" ಅಂದ.

ಡಾಕ್ಟರು ಅವನ ಕಣ್ಣಿನ ಕೆಳಗಿನ ಕಪ್ಪು ನೋಡಿದರು. "ಮುಂಬೈದಿಂದ ಬರ್ಫದಾಗ ಇಟ್ಟು ತರಬೇಕಾಗತೈತಿ. ತರಸೋಣು. ಮತ್ತ ಒಂದ ಮಾತು, ಒಂದ ಸೀಸೆ ಒಡದ್ರ ಬಾಳ ಕೂಸುಗೋಳಿಗೆ ಆಗತೈತಿ, ಒಡದ ಮ್ಯಾಲೆ ಇಡಾಕ ಬರಂಗಿಲ್ಲ. ನಿನ್ನ ಗುರತಿನವ್ರಿಗೆ ಹೇಳು. ಕಮರುದ್ದೀನಗ ಸಣ್ಣ ಮಗಾ ಅದಾನಲ್ಲ, ಅವಂಗೂ ಹೇಳು."

"ಹೇಳತೇನ್ರಿ" ಅಂದ ಅರ್ಜುನಪ್ಪ. ಹೇಳಬೇಕು ಅಂತಲೇ ಅಲ್ಲಿಂದ ಎದ್ದ.

ಕಾರ್ಖಾನೆಯ ಪಾಳಿ ಬಿಡುವ ಭೋಂಗಾ ಕೂಗಿದ ಮೇಲೆ ಕಮರುದ್ದೀನ ಮನೆ ಸೇರುತ್ತಿದ್ದ. ಅರ್ಜುನಪ್ಪ ಹೋದಾಗ ಅವನು ಕೈಯ ಎಣ್ಣೆ ತೊಳೆಯುತ್ತಿದ್ದ. ಹೆಂಡತಿ ಮೈಮುನಾ ಚಹಾ ತಂದಳು. ಗೌಸ ಅಂಗಳದ ಆ ಗೋಡೆಯಿಂದ ಈ ಗೋಡೆಗೆ ಓಡುತ್ತಿದ್ದ. ನಡೆಯುವುದೇ ಗೊತ್ತಿಲ್ಲ, ಓಟ ಒಂದೇ. ಓಡಿ ಬಂದು ಅರ್ಜುನಪ್ಪನ ತೊಡೆಯ ಮೇಲೆ ಬಿದ್ದು ಕಿಲಕಿಲ ನಕ್ಕ.

"ನೋಡಪಾ ನಿನ್ನ ಅಳಿಯಾನ್ನ" ಅಂದ ಕಮರುದ್ದೀನ. "ಡೀಸೆಲ್ ಎಂಜಿನ್ನಿಗೂ ಹಿಂಗ ಓಡಾಕ ಆಗೂದಿಲ್ಲ."

ಅರ್ಜುನಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮಸೀದಿಯಿಂದ ಮಗರಿಬ್‌ನ ಆಜಾನ್ ಕೇಳಿಸಿತು. ಮೈಮುನಾ ಲಗುಬಗೆಯಿಂದ ಬಂದು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಹೊಸ್ತಿಲಾಚೆ ಓಣಿಯಲ್ಲಿ ಟಪ್ ಅಂತ ಹೆಜ್ಜೆ ಬಿತ್ತು, ಸರ್ರ್ ಅಂತ ಎಳೆಯಿತು.

ತೆರೆದ ಬಾಯಿ ಮುಚ್ಚಿದ. ಏನಂತ ಹೇಳುವುದು? ನಿನ್ನ ಗೌಸನಿಗೆ ಕಾಲು ಹೋಗುವ ಜ್ವರ ಬಂದೀತು ಅಂತ ಹೇಳುವುದೇ? ಈ ಹೊತ್ತಿನಲ್ಲೇ? ತನ್ನ ಕೂಸಿನ ಹೆಸರನ್ನು ಆ ಕತೆಯೊಳಗೆ ಇಟ್ಟದ್ದಕ್ಕೆ ಏನಾಗಿದೆ ಅಂತ ಕಂಡವನು ಗೆಳೆಯನ ಕೂಸಿನ ಹೆಸರನ್ನೂ ತೆಗೆದುಕೊಂಡು ಹೋಗಿ ಅಲ್ಲೇ ಇಡುವುದೇ? ಆಗಲಿಲ್ಲ. ಪ್ರೀತಿ ಹೆಚ್ಚಾದದ್ದಕ್ಕೇ ಆಗಲಿಲ್ಲ. ನಾಳೆ ಹಗಲು ಹೊತ್ತಿನಲ್ಲಿ ಬಂದು ಹೇಳಿದರಾಯಿತು ಅಂದುಕೊಂಡ. ಬರೀ ಹವೆಯ ಮಾತು, ಜೋಳದ ಧಾರಣೆಯ ಮಾತು ಆಡಿ, ಚಹಾ ಮುಗಿಸಿ, "ಬರತೇನಪಾ" ಅಂತ ಎದ್ದ.

ನಾಳೆ ಕಚೇರಿಯಲ್ಲಿ ಕೆಲಸವಿತ್ತು. ಮರುನಾಳೆ ಇನ್ನೇನೋ ಇತ್ತು. ಹಗಲಾದರೂ ಆ ಹೊಸ್ತಿಲಿಗೆ ಅವನ ಕಾಲು ಏಳಲೇ ಇಲ್ಲ. ಔಷಧ ಬಂತು. ತಿಪ್ಪವ್ವನ ಬಾಯಿಗೆ ಡಾಕ್ಟರು ಹನಿ ಬಿಟ್ಟರು, ಇನ್ನು ಕೆಲವು ಕೂಸುಗಳಿಗೂ ಬಿಟ್ಟರು. "ಕಮರುದ್ದೀನ ಬರಲಿಲ್ಲೇನು?" ಅಂತ ಕೇಳಿದರು. ಅರ್ಜುನಪ್ಪ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಉಳಿದದ್ದನ್ನು ಡಾಕ್ಟರು ಮೋರಿಗೆ ಚೆಲ್ಲಿದರು. ಎರಡನೆಯ, ಮೂರನೆಯ ಸಲ ಹನಿ ಹಾಕಿದಾಗಲೂ ಹಾಗೇ ಆಯಿತು.

ಮಳೆ ಹಿಡಿದ ಮೇಲೆ ಗೌಸನಿಗೆ ಜ್ವರ ಬಂತು.

ಆ ಮನೆಗೆ ಹೋಗುವುದನ್ನೇ ಬಿಟ್ಟಿದ್ದ ಅರ್ಜುನಪ್ಪನಿಗೆ ಸುದ್ದಿ ತಡವಾಗಿ ಮುಟ್ಟಿತು, ಓಡಿದ. ಜ್ವರ ಬಿಟ್ಟು ಬಹಳ ದಿನವಾಗಿತ್ತು. ಕೂಸು ಗೋಡೆ ಹಿಡಿದುಕೊಂಡು ಅಂಗಳದಲ್ಲಿ ನಿಂತಿತ್ತು. ಮಾಮಾನನ್ನು ಕಂಡು ನಕ್ಕಿತು, ಅವನ ಕಡೆಗೆ ಹೊರಟಿತು. ಬಲಗಾಲು ಟಪ್ ಅಂತ ಊರಿತು. ಎಡಗಾಲು ಸರ್ರ್ ಅಂತ ಎಳೆಯಿತು.

ಒಂದು ವರ್ಷದಿಂದ ಬೆನ್ನ ಹಿಂದೆ ಕೇಳುತ್ತಿದ್ದ ಸಪ್ಪಳ ಅದೇ, ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲ. ಕೆರೆಯ ಏರಿಯ ಮೇಲೆ ಕಂಡವಳು ಯಾತಕ್ಕೆ ಮುಖ ತೋರಿಸಲಿಲ್ಲ ಅಂತ ಅವನಿಗೆ ಆಗ ತಿಳಿಯಿತು. ಅವಳು ಅವನ ಮಗಳೇ ಆಗಿರಲಿಲ್ಲ. ಅವನು ಗೋಡೆಗೆ ಆತು ಕೂತು ಅತ್ತ. ಕಮರುದ್ದೀನ ಹೆಗಲ ಮೇಲೆ ಕೈಯಿಟ್ಟು, "ಅಳಬ್ಯಾಡೋ, ನಸೀಬ" ಅಂತ ಅವನನ್ನೇ ಸಮಾಧಾನ ಮಾಡಿದ. ಅದನ್ನು ಹೇಗೆ ತಡೆದುಕೊಳ್ಳುವುದು? ಒಳಗಿನಿಂದ ಮೈಮುನಾ ಬಿಕ್ಕುತ್ತ ಅಂದದ್ದು ಕೇಳಿಸಿತು: "ಆ ಕೇಡಿಗೆ ಅರ್ಜುನಣ್ಣಾರ ಮನಿ ಬಾಗಲಾ ಮುಚ್ಚಿತ್ತು, ಅದಕ್ಕ ನಮ್ಮನಿಗೆ ಬಂತು."

ಆವತ್ತಿನಿಂದ ಓಣಿಯ ಸಪ್ಪಳ ನಿಂತುಹೋಯಿತು. ಅದು ಮನೆ ಸೇರಿತ್ತು, ಇನ್ನು ತಿರುಗುವುದು ಯಾತಕ್ಕೆ? ಸಂಜೆಗಳು ಮೌನವಾದವು, ಆ ಮೌನವನ್ನು ಅರ್ಜುನಪ್ಪನಿಗೆ ಸಹಿಸಲಾಗಲಿಲ್ಲ. ತಿಪ್ಪವ್ವ ಹೊಸ್ತಿಲು ಹಿಡಿದು ಎದ್ದು ನಿಂತ ದಿನ ಸಾವಕ್ಕ, ಸುಜಾತಾ ಬಾ, ಬಾ ಅಂತ ಕೈಚಾಚಿದಳು. ಮಗಳು ಹೆಜ್ಜೆ ಮೇಲೆ ಹೆಜ್ಜೆಯಿಟ್ಟು ಬಂದಳು. ಅವನು ಎದ್ದು ಹಿತ್ತಿಲಿಗೆ ಹೋದ.

ವರ್ಷ ತುಂಬಿತ್ತು, ಮತ್ತೆ ಕೂಡಬೇಕಿತ್ತು. ಅದೇ ಮಾಳಿಗೆ, ಅದೇ ಸಂಜೆ, ಅದೇ ಚುರಮುರಿ. ಕಮರುದ್ದೀನ ಬರಲಿಕ್ಕಿಲ್ಲ ಅಂತ ಎಲ್ಲರೂ ತಿಳಿದಿದ್ದರು. ಎಲ್ಲರಿಗಿಂತ ಮೊದಲು ಬಂದು ಅವನೇ ಕೂತಿದ್ದ. ಪ್ರೊಫೆಸರು ಹೋದ ವರ್ಷದ ಮೂರು ಕಾಲಗಳನ್ನು ಓದಿಸಿ, "ಯಾರಿಗರೆ ತಮ್ಮ ಮಾತು ಬದಲಿ ಮಾಡೂದು ಐತೇನ್ರಿ?" ಅಂತ ಕೇಳಿದರು.

"ನಂದೈತ್ರಿ" ಅಂದ ಕಮರುದ್ದೀನ. "ಒಳ್ಳೇ ಕಾಲದ್ದು. ಗೌಸ ಎಂಜಿನ್ ಓಡಿಸ್ತಾನ ಅಂದಿದ್ದೆ. ಅದನ್ನ ಹೊಡದ ಹಾಕ್ರಿ. ಅಂವಾ ಎಂಜಿನ್ ಓಡಸಂಗಿಲ್ಲ. ಕುಂಟತಾನ."

ಕಿಟಕಿಯಾಚೆ ಬೆಳಕು ಆರುತ್ತಿತ್ತು.

"ಬ್ಯಾರೆ ಬರ್ಕೋ ಅರ್ಜುನ. ಗೌಸಗ ಒಂದ ಮಗಳು ಹುಟ್ಟತಾಳ. ಆಕಿ ಓಡತಾಳ. ಯಾಕಂದ್ರ ಆ ಔಷಧಾನ ಬರ್ಫದ ಡಬ್ಬಿಯೊಳಗ ಇಟಗೊಂಡು ಓಣಿ ಓಣಿಗೆ ಮಂದಿ ಬರತಾರ. ಬಾಗಲಾ ಬಡೀತಾರ. ನಿಮ್ಮ ಕೂಸಿಗೆ ಕಾಲ ಹೋಗೋ ಜಡ್ಡ ಬಂದೀತು, ಹೊರಗ ತರ್ರಿ ಅಂತ ಬಾಯಿ ಬಿಟ್ಟ ಹೇಳತಾರ. ಮುಸ್ಸಂಜಿ ಆಗಿದ್ರೂ ಹೇಳತಾರ. ಬೈದ್ರೂ ಹೇಳತಾರ." ಅವನು ಅರ್ಜುನಪ್ಪನನ್ನು ನೇರ ನೋಡಿದ. "ಬಂದು, ಚಾ ಕುಡದು, ಸುಮ್ಮನ ಎದ್ದ ಹೋಗಂಗಿಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಜ್ವರದ ಹೊತ್ತಿನಲ್ಲೇ ಔಷಧದ ಸಂಗತಿಯನ್ನು ಕಮರುದ್ದೀನನಿಗೆ ಹೇಳಿದವರು ಅವರೇ ಅಂತ ಅರ್ಜುನಪ್ಪನಿಗೆ ತಿಳಿಯಿತು. ಹಾಗಾದರೆ ಅಂಗಳದಲ್ಲಿ ಹೆಗಲ ಮೇಲೆ ಕೈಯಿಟ್ಟಾಗಲೂ ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಳಬ್ಯಾಡ ಅಂದಿದ್ದ. ಅಕ್ಷರ ಕಾಣಲಿಲ್ಲ, ಆದರೂ ಬರೆದುಕೊಂಡ.

"ಆಕಿ ಹೆಸರು?" ಪ್ರೊಫೆಸರ ದನಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗಿತ್ತು.

"ಅದನ್ನ ಗೌಸ ಇಡತಾನ್ರಿ. ನಂಗ್ಯಾಕ ಅವಸರ?"

ಮಾತು ಮುಗಿಯಿತು. ಎಲ್ಲರ ಕಣ್ಣೂ ತಾವಾಗಿಯೇ ಗೋಡೆಯ ಕಡೆಗೆ ಹೋದವು. ಸಾವಕಾರರು ಕುಟ್ಟಲಿಕ್ಕೆ ಬೆರಳು ಎತ್ತಿಯೇ ಹಿಡಿದಿದ್ದರು. ಹಲ್ಲಿ ಅಲ್ಲೇ ಇತ್ತು, ಇನ್ನೂ ಹಚ್ಚದ ಬುರುಡೆ ದೀಪದ ಹತ್ತಿರ, ಹಂದಾಡಲಿಲ್ಲ, ಸದ್ದು ಮಾಡಲಿಲ್ಲ. ಕಮರುದ್ದೀನನೂ ಅದನ್ನೇ ನೋಡುತ್ತಿದ್ದ. ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಬಾಯ್ಲರು ಬಿಚ್ಚಿ ಕೂಡಿಸುವ ಮನುಷ್ಯ, ಒಂದು ಹಲ್ಲಿಯ ಬಾಯಿಗಾಗಿ ಕಾದು ಕೂತಿದ್ದ. ಕತ್ತಲು ಮೆಲ್ಲಗೆ ಒಳಗೆ ಬಂತು. ಹಲ್ಲಿ ಸುಮ್ಮನೇ ಇತ್ತು.

ಕಾಣದ್ದಕ್ಕೆ ಅಂಜದ ಅರ್ಜುನಪ್ಪ, ದೇವರುಗಳನ್ನು ಬುಟ್ಟಿಯಲ್ಲಿ ಹೊತ್ತು ಹಳ್ಳಕ್ಕೆ ಬಿಟ್ಟುಬಂದ ಅರ್ಜುನಪ್ಪ, ಲೇಖಣಿ ಕೆಳಗಿಟ್ಟು ಎರಡೂ ಕೈ ಜೋಡಿಸಿದ.

"ಅಸ್ತು" ಅಂದ.